ಒಂದೇ ಲೆನ್ಸ್ ತಗೋಬೇಕು ಸರ್, ಯಾವ್ದು ತಗೊಳ್ಲಿ?

ಪ್ರಶ್ನೆ: ಸರ್ ನಮಸ್ತೆ. ನಮ್ದು ಆಲ್ದೂರು ಹತ್ರ ಕಾಫಿ ತೋಟ. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡಲ್ಲಿ ಸೋನಿ ಎ6400 ತಗೊಂಡೆ, ಅದ್ರ ಜೊತೆ ಬಂದ 16-50 ಕಿಟ್ ಲೆನ್ಸಲ್ಲೇ ಇಲ್ಲಿವರೆಗೂ ತೆಗಿತಾ ಬಂದಿದೀನಿ. ತೋಟದ ಕೆಲಸ, ಮನೆ ಕಡೆ ಮದುವೆ, ಬೇಲೂರು ಹಳೇಬೀಡು, ಗಿರಿ ಕಡೆ ಹೋದಾಗ ಒಂದಿಷ್ಟು. ಈಗ ಕ್ಯಾಮೆರಾದಿಂದ ಬಿಚ್ಚದೇ ಇರೋ ಹಂಗೆ ಒಂದೇ ಒಂದು ಒಳ್ಳೆ ಜೂಮ್ ಬೇಕು. ಸಿಗ್ಮಾ 18-50, ಟ್ಯಾಮ್ರಾನ್ 17-70, ಸೋನಿ 18-105 ಈ ಮೂರು ಮನಸ್ಸಲ್ಲಿದೆ. ರಿವ್ಯೂ ನೋಡಿ ನೋಡಿ ತಲೆ ಕೆಟ್ಟೋಗಿದೆ, ಒಬ್ರು ಹೇಳಿದ್ದಕ್ಕೆ ಇನ್ನೊಬ್ರು ಉಲ್ಟಾ ಹೇಳ್ತಾರೆ. ಒಂದು ಲೆನ್ಸ್ ಚೆನ್ನಾಗಿದ್ಯೋ ಇಲ್ವೋ ಅಂತ ನಾನೇ ತಿಳ್ಕೊಳೋದು ಹೆಂಗೆ?

ಉತ್ತರ: ನಮಸ್ತೆ. ನಿಮ್ಮ ಕೊನೇ ಸಾಲು ಇದ್ಯಲ್ಲ, ನಾನೇ ತಿಳ್ಕೊಳೋದು ಹೆಂಗೆ ಅಂತ, ಅದಕ್ಕೆ ಮೊದ್ಲು ಉತ್ತರ ಹೇಳ್ತೀನಿ, ಯಾಕಂದ್ರೆ ಅದು ಗೊತ್ತಾದ್ರೆ ಮೂರರಲ್ಲಿ ಯಾವ್ದು ಅನ್ನೋದು ಅರ್ಧ ತಾನೇ ಬಗೆಹರಿಯುತ್ತೆ. ನಾನು ಹಾಸನದಲ್ಲಿ ಇದ್ಕೊಂಡು ಮದುವೆ, ದೇವಸ್ಥಾನ, ತೋಟ ಎಲ್ಲಾ ತೆಗೆದಿದೀನಿ, ನಿಮ್ಮ ಕಡೆ ಬೆಳಕು ಹೆಂಗಿರುತ್ತೆ ಅಂತ ಗೊತ್ತು. ರಿವ್ಯೂ ಮಾಡೋರು ಅವರ ಊರಿನ ಬೆಳಕಲ್ಲಿ, ಅವರ ಕೈಗೆ ಬಂದ ಒಂದು ಪೀಸನ್ನ ನೋಡಿ ಹೇಳಿರ್ತಾರೆ. ಅವರು ಹೇಳೋದು ಸುಳ್ಳಲ್ಲ, ಆದ್ರೆ ನಿಮ್ಮ ಫೋಟೋ ಎಲ್ಲಿ ಕೆಡ್ತಾ ಇದೆ ಅನ್ನೋದು ಅವರಿಗೆ ಗೊತ್ತಿಲ್ಲ, ಅದು ಗೊತ್ತಿರೋದು ನಿಮ್ಮ ಹಾರ್ಡ್ ಡಿಸ್ಕಿಗೆ ಮಾತ್ರ.

ಹಂಗಾಗಿ ಮೊದ್ಲು ಅಂಗಡಿಗೆ ಹೋಗ್ಬೇಡಿ, ಒಂದು ಸಂಜೆ ಕೂತ್ಕೊಂಡು ಎರಡು ವರ್ಷದಿಂದ ತೆಗೆದಿರೋ ಫೋಟೋ ಎಲ್ಲಾ ತೆರೆದು ನೋಡಿ. ಅದ್ರಲ್ಲಿ ನಿಮಗೆ ಇಷ್ಟ ಆಗಿರೋ ಒಂದು ಇನ್ನೂರು ಫೋಟೋ ಬೇರೆ ಫೋಲ್ಡರಿಗೆ ಹಾಕಿ. ಇನ್ನೊಂದು ಫೋಲ್ಡರಲ್ಲಿ, ಚೆನ್ನಾಗಿ ಬರ್ಬೇಕಿತ್ತು ಕಣೋ, ಹಾಳಾಗೋಯ್ತು ಅಂತ ಅನಿಸೋವನ್ನ ಹಾಕಿ. ಎರಡನೇ ಫೋಲ್ಡರೇ ಮುಖ್ಯ. ಪ್ರತಿ ಫೋಟೋದ ಡೀಟೇಲ್ಸಲ್ಲಿ ಫೋಕಲ್ ಲೆಂತ್, ಅಪರ್ಚರ್, ಶಟರ್ ಸ್ಪೀಡ್, ಐಎಸ್ಒ ಎಲ್ಲಾ ಬರ್ದಿರುತ್ತೆ, ಒಂದು ಹಾಳೆ ಮೇಲೆ ಗೀಟು ಹಾಕ್ತಾ ಹೋಗಿ. ಫೋಕಲ್ ಲೆಂತ್ ಅಂದ್ರೆ ಜೂಮಿನ ಮಿಲಿಮೀಟರ್ ಲೆಕ್ಕ, ನಂಬರ್ ದೊಡ್ಡದಾದಷ್ಟು ದೂರದ್ದು ಹತ್ರ ಬರುತ್ತೆ. 50ರಲ್ಲಿ ಎಷ್ಟು, 16ರಲ್ಲಿ ಎಷ್ಟು, ನಡುವೆ ಎಷ್ಟು. ಕೆಟ್ಟಿರೋದು ಅಲುಗಾಡಿ ಕೆಟ್ಟಿದ್ಯಾ, ಕಾಳು ಕಾಳಾಗಿ ಕೆಟ್ಟಿದ್ಯಾ, ಇಲ್ಲಾ ಇನ್ನೂ ಸ್ವಲ್ಪ ಹತ್ರ ಬೇಕಿತ್ತು ಅಂತ ಕೆಟ್ಟಿದ್ಯಾ. ಹೋದ ವರ್ಷ ನನ್ನ ಹತ್ರ ಕಲಿತಿದ್ದ ಒಬ್ಬ ಹುಡುಗ ಹಿಂಗೆ ಲೆಕ್ಕ ಹಾಕಿದ, ಅವನ ಫೋಟೋದಲ್ಲಿ ಮುಕ್ಕಾಲು ಪಾಲು 50ಕ್ಕೇ ಬಂದು ನಿಂತಿತ್ತು, ಅಂದ್ರೆ ಅವನು ಪ್ರತಿ ಸಲ ರಿಂಗ್ ತಿರುಗಿಸಿ ಗೋಡೆಗೆ ಡಿಕ್ಕಿ ಹೊಡೀತಿದ್ದ. ಅವನಿಗೆ ಬೇಕಾಗಿದ್ದದ್ದು ಉದ್ದ, ಅವನು ದುಡ್ಡು ಕೂಡಿಡ್ತಾ ಇದ್ದದ್ದು ವೈಡ್ ಲೆನ್ಸಿಗೆ.

ಈಗ ಬೆಳಕಿನ ವಿಷ್ಯ. ಇದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ, ನಿಮ್ಮ ಕಡೆಯವರಿಗೆ ಇದೇ ದೊಡ್ಡ ಸಮಸ್ಯೆ.

ಎಫ್ ನಂಬರ್ ಅಂದ್ರೆ ಲೆನ್ಸಿನ ಕಿಂಡಿ, ಅದೇ ಅಪರ್ಚರ್, ಎಷ್ಟು ತೆರೆಯುತ್ತೆ ಅನ್ನೋ ಲೆಕ್ಕ, ನಂಬರ್ ಚಿಕ್ಕದಾದಷ್ಟು ಬೆಳಕು ಜಾಸ್ತಿ. ನಿಮ್ಮ ಕಿಟ್ ಲೆನ್ಸ್ 16ರಲ್ಲಿ ಎಫ್ 3.5, ಆದ್ರೆ 50ಕ್ಕೆ ಎಳೆದ ತಕ್ಷಣ ಎಫ್ 5.6 ಆಗೋಗುತ್ತೆ. ಎಫ್ 2.8ಕ್ಕೂ 5.6ಕ್ಕೂ ಎರಡು ಸ್ಟಾಪ್ ವ್ಯತ್ಯಾಸ, ಅಂದ್ರೆ ನಾಲ್ಕು ಪಟ್ಟು ಬೆಳಕು. ಹೊರಗಡೆ ಬಿಸಿಲಲ್ಲಿ ಇದು ಲೆಕ್ಕಕ್ಕೇ ಬರಲ್ಲ. ಆದ್ರೆ ತೋಟದೊಳಗೆ ಹೋಗಿ ನೋಡಿ, ಮೇಲೆ ಸಿಲ್ವರ್ ಓಕು, ಹಲಸು, ಅತ್ತಿ ಮರದ ನೆರಳು, ಅದ್ರ ಕೆಳಗೆ ಕಾಫಿ ಗಿಡದ ನೆರಳು, ಎರಡು ಚಾವಣಿ ಕೆಳಗೆ ನಿಂತಂಗೆ. ಹಣ್ಣು ಬಿಡಿಸೋ ಹೆಂಗಸರ ಕೈ ಎಷ್ಟು ಬೇಗ ಓಡುತ್ತೆ ಅಂತ ನಿಮಗೇ ಗೊತ್ತು. ಮಧ್ಯಾಹ್ನ ಮೂರೂವರೆ ನಾಲ್ಕಕ್ಕೆ ನೆರಳಲ್ಲಿ ಎಫ್ 5.6 ಇಟ್ರೆ, ಐಎಸ್ಒ, ಅಂದ್ರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಲೆಕ್ಕ, 1600 ಇಟ್ಟಾಗ ನನಗೆ ಸಿಗ್ತಿದ್ದ ಶಟರ್ 1/60 ಸೆಕೆಂಡ್ ಆಸುಪಾಸು. ಆ ಸ್ಪೀಡಲ್ಲಿ ಮುಖ ಚೆನ್ನಾಗಿ ಬರುತ್ತೆ, ಬೆರಳು ಹೊಗೆ ಥರ ಬರುತ್ತೆ. ಅದೇ ಎಫ್ 2.8 ಇದ್ರೆ 1/250, ಬೆರಳ ತುದೀಲಿ ಹಣ್ಣು ಕಳಚ್ತಾ ಇರೋದು ನಿಂತು ಕಾಣುತ್ತೆ. ಐಎಸ್ಒ ಏರಿಸಬೋದಲ್ಲ ಅಂತೀರಾ, ಏರಿಸಬೋದು, ಎ6400 ಅಲ್ಲಿ 3200ರವರೆಗೂ ನಾನು ಧೈರ್ಯವಾಗಿ ಹೋಗ್ತೀನಿ, 6400ಕ್ಕೆ ಬಂದ್ರೆ ಗಾಢ ಹಸಿರು ಎಲ್ಲಾ ಕೆಸರು ಕಲಸಿದಂಗೆ ಆಗುತ್ತೆ, ಎಲೆ ಮೇಲಿನ ಹೊಳಪು ಹೋಗ್ಬಿಡುತ್ತೆ.

ಇಲ್ಲೇ ಸ್ಟೆಬಿಲೈಸೇಷನ್ ವಿಷ್ಯಾನೂ ಬಿಡಿಸಿ ಹೇಳ್ಬೇಕು, ಜನ ಇದನ್ನ ಎಫ್ ನಂಬರಿಗೆ ಬದಲಿ ಅಂದ್ಕೊಂಡಿದಾರೆ. ಅಲ್ಲ. ಸ್ಟೆಬಿಲೈಸೇಷನ್ ನಿಮ್ಮ ಕೈ ನಡುಗೋದನ್ನ ತಡೆಯುತ್ತೆ, ಎದುರಿಗಿರೋರು ಅಲ್ಲಾಡೋದನ್ನ ತಡೆಯಲ್ಲ. ಮದುವೇಲಿ ಧಾರೆ ಎರೆಯೋ ಹೊತ್ತು ನೀರು, ಕೈ, ಅಕ್ಕಿ ಎಲ್ಲಾ ಚಲನೇಲಿರುತ್ತೆ, ಅಲ್ಲಿ ಎಫ್ 2.8 ಒಂದೇ ಕಾಪಾಡೋದು. ಬೇಲೂರು ದೇವಸ್ಥಾನದ ಒಳಗೆ ಹೋಗಿ, ಅಲ್ಲಿ ಕಥೆ ಬೇರೆ. ಅಲ್ಲಿನ ನವರಂಗ, ಅಂದ್ರೆ ಗರ್ಭಗುಡಿ ಮುಂದಿನ ಕಂಬದ ಹಜಾರ, ಮೊದ್ಲು ತೆರೆದ ಮಂಟಪ, 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದಾಗ ಬೆಳಕು ಸೀದಾ ಒಳಗೆ ಬರ್ತಿತ್ತು, ಆಮೇಲೆ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಕಂಬಗಳ ನಡುವೆ ಕಲ್ಲಿನ ಜಾಲಂಧ್ರ, ಅಂದ್ರೆ ತೂತು ತೂತಿನ ಜಾಲರಿ, ಕೂರಿಸಿ ಮುಚ್ಚಿದ್ರು, ಅದಕ್ಕೇ ಈಗ ಒಳಗೆ ಅಷ್ಟು ಕತ್ತಲು. ಅನುಮತಿ ಇಲ್ಲದೆ ಟ್ರೈಪಾಡ್ ಇಡಕ್ಕೆ ಬಿಡಲ್ಲ. ಆದ್ರೆ ಕಂಬ ಅಲ್ಲಾಡಲ್ಲ ನೋಡಿ. ಸ್ಟೆಬಿಲೈಸೇಷನ್ ಇರೋ ಲೆನ್ಸಲ್ಲಿ ಕಂಬಕ್ಕೆ ಒರಗಿ, ಉಸಿರು ಬಿಗಿ ಹಿಡಿದು 1/15ಕ್ಕೆ ತೆಗೆದ್ರೂ ಚರಕಿ ಹೊಡೆದ ಕಂಬದ ಉಂಗುರ ಉಂಗುರ ಗೆರೆ ಸ್ಪಷ್ಟ ಬರುತ್ತೆ. ಇಲ್ಲದ ಲೆನ್ಸಲ್ಲಿ 1/15 ಅಂದ್ರೆ ಹತ್ತಕ್ಕೆ ಒಂದು ಬಂದ್ರೆ ಪುಣ್ಯ.

ನಿಮ್ಮ ಎ6400 ಬಾಡಿ ಒಳಗೆ ಸ್ಟೆಬಿಲೈಸೇಷನ್ ಇಲ್ಲ, ಇದು ನೆನಪಿರ್ಲಿ. ಸಿಗ್ಮಾ 18-50 ಒಳಗೂ ಇಲ್ಲ. ಅಂದ್ರೆ ಆ ಜೋಡೀಲಿ ಎಲ್ಲೂ ಇಲ್ಲ. ಟ್ಯಾಮ್ರಾನಲ್ಲಿ ವಿಸಿ ಅಂತ ಇದೆ, ಸೋನಿ 18-105 ಅಲ್ಲಿ ಒಎಸ್ಎಸ್ ಅಂತ ಇದೆ, ಎರಡೂ ಅದೇ ಕೆಲಸ. ರಿವ್ಯೂ ಮಾಡೋರು ಬಾಡಿ ಒಳಗೇ ಸ್ಟೆಬಿಲೈಸೇಷನ್ ಇರೋ ಕ್ಯಾಮೆರಾ ಇಟ್ಕೊಂಡು ಸಿಗ್ಮಾ ಹೊಗಳಿರ್ತಾರೆ, ಅದು ಅವರಿಗೆ ನಿಜ, ನಿಮಗೆ ಅಲ್ಲ.

ಮೂರನ್ನೂ ಒಂದೊಂದಾಗಿ ನೋಡೋಣ.

ಸಿಗ್ಮಾ 18-50 ಎಫ್ 2.8, 2021ರಲ್ಲಿ ಬಂತು, ತೂಕ ಸುಮಾರು 290 ಗ್ರಾಂ ಅಷ್ಟೇ. ಕುತ್ತಿಗೆಗೆ ಹಾಕ್ಕೊಂಡು ಮುಳ್ಳಯ್ಯನಗಿರಿ ಮೆಟ್ಟಿಲು ಹತ್ತಿದ್ರೂ ಇದೆ ಅಂತ ಗೊತ್ತಾಗಲ್ಲ. ಹತ್ರದ ಫೋಟೋಗೆ ಇದು ಮೂರರಲ್ಲೂ ಮೇಲು, 18ರಲ್ಲಿ 12.1 ಸೆಂಟಿಮೀಟರಿಗೆ ಫೋಕಸ್ ಆಗುತ್ತೆ. ಈ ದೂರಾನ ಸೆನ್ಸರಿಂದ ಅಳೀತಾರೆ, ಲೆನ್ಸಿನ ಮೂತಿಯಿಂದ ಅಲ್ಲ, ಹಂಗಾಗಿ ನಿಜವಾಗಿ ನೋಡಿದ್ರೆ ಹೂವಿಗೂ ಗಾಜಿಗೂ ಎರಡು ಮೂರು ಸೆಂಟಿಮೀಟರ್ ಉಳಿಯುತ್ತೆ, ಲೆನ್ಸಿನ ನೆರಳು ಹೂವಿನ ಮೇಲೆ ಬೀಳದೇ ಇರೋ ಹಂಗೆ ನಿಂತ್ಕೊಳೋದು ಕಲೀಬೇಕು. ಆದ್ರೂ ಒಂದು ಗೆಣ್ಣಿನ ಕಾಫಿ ಹೂವಿನ ಗೊಂಚಲು ಫ್ರೇಮ್ ತುಂಬಾ ಬರುತ್ತೆ, ಕೇಸರ ಒಂದೊಂದೂ ಎಣಿಸಬೋದು. ಇದರ ಕೊರತೆ 50ಕ್ಕೇ ಮುಗಿಯೋದು.

ಟ್ಯಾಮ್ರಾನ್ 17-70 ಎಫ್ 2.8, ಇದೂ 2021ದು, 525 ಗ್ರಾಂ. ನಿಮ್ಮ ಬಾಡಿ ಬ್ಯಾಟರಿ ಸೇರಿ 403 ಗ್ರಾಂ, ಅಂದ್ರೆ ಲೆನ್ಸೇ ಬಾಡಿಗಿಂತ ಭಾರ, ಮೂತಿ ಕೆಳಕ್ಕೆ ಜಗ್ಗುತ್ತೆ. ಎಡಗೈ ಲೆನ್ಸಿನ ಕೆಳಗೆ ಇಟ್ಟೇ ಹಿಡಿಯೋ ಅಭ್ಯಾಸ ಮಾಡ್ಕೋಬೇಕು. 50ಕ್ಕೂ 70ಕ್ಕೂ ಏನ್ ಮಹಾ ವ್ಯತ್ಯಾಸ ಅಂತ ಕಾಗದದ ಮೇಲೆ ಅನಿಸುತ್ತೆ, ಬೇಲೂರಲ್ಲಿ ಹೊರಗೋಡೆ ಸುತ್ತ ನಿಂತು ಮದನಿಕೆ ತೆಗೆಯೋಕೆ ಹೋದಾಗ ಗೊತ್ತಾಗುತ್ತೆ. ಅವು ಇರೋದು ಮೇಲೆ ಸೂರಿನ ಕೆಳಗೆ, ಮುಂದಕ್ಕೆ ಬಾಗಿಕೊಂಡು. ಹತ್ರ ಹೋದ್ರೆ ಗಲ್ಲದ ಕೆಳಭಾಗ ಕಾಣುತ್ತೆ, ಹಿಂದೆ ಸರಿದ್ರೆ ಸಣ್ಣದಾಗುತ್ತೆ. ದರ್ಪಣ ಸುಂದರಿ ಕೈಲಿರೋ ಕನ್ನಡಿ, ಬಳೆ ಸಾಲು, ಅವಳು ಮುಖ ನೋಡ್ಕೊಳ್ಳೋ ಓರೆ ಎಲ್ಲಾ ಸರಿಯಾಗಿ ಬರ್ಬೇಕು ಅಂದ್ರೆ ಜಗತಿ, ಅಂದ್ರೆ ಗುಡಿ ಸುತ್ತಲಿನ ಕಟ್ಟೆ, ಅದ್ರ ಅಂಚಿಗೆ ಬಂದು 70ರಲ್ಲಿ ತೆಗೀಬೇಕು, 50ರಲ್ಲಿ ತೆಗೆದು ಆಮೇಲೆ ಕತ್ತರಿಸಿದ್ರೆ 24 ಮೆಗಾಪಿಕ್ಸೆಲಲ್ಲಿ ಅರ್ಧ ಮಾತ್ರ ಕೈಲಿ ಉಳಿಯೋದು.

ಸೋನಿ 18-105 ಎಫ್ 4, ಇದು ಹಳೇದು, 2013ದು, 427 ಗ್ರಾಂ. ಜೂಮ್ ಮಾಡಿದ್ರೂ ಉದ್ದ ಆಗಲ್ಲ, ಒಳಗೇ ಸರಿಯುತ್ತೆ, ವಿಡಿಯೋ ಮಾಡೋರಿಗೆ ಚೆನ್ನ. ಆದ್ರೆ ಜೂಮ್ ರಿಂಗ್ ಮೋಟರ್ ಮೇಲೆ ಓಡೋದು, ನೀವು ತಿರುಗಿಸಿದ್ದಕ್ಕೂ ಅದು ಸರಿಯೋದಕ್ಕೂ ಒಂದು ಗಳಿಗೆ ಅಂತರ, ಮಗು ಓಡಿ ಬರ್ತಿರೋವಾಗ ಆ ಗಳಿಗೇಲೇ ಫೋಟೋ ಹೋಗುತ್ತೆ. ಹತ್ರದ ಫೋಕಸ್ಸೂ ಕಮ್ಮಿ, ಉದ್ದದ ಕಡೆ 95 ಸೆಂಟಿಮೀಟರ್ ಬೇಕು, ಹೂವಿಗೆ ಆಗಲ್ಲ. ಬೆಳಕು 2.8ಕ್ಕಿಂತ ಅರ್ಧ. ವಿಡಿಯೋ ನಿಮ್ಮ ಮುಖ್ಯ ಕೆಲಸ ಅಲ್ಲ ಅಂದ್ರೆ ಇದನ್ನ ಪಟ್ಟಿಯಿಂದ ತೆಗ್ದುಬಿಡಿ.

ನೀವು ಬರ್ದಿರೋ ನಾಲ್ಕು ಥರದ ಫೋಟೋ ನೋಡಿ ಹೇಳೋದಾದ್ರೆ ನನ್ನ ಮನಸ್ಸು ಟ್ಯಾಮ್ರಾನ್ ಕಡೆ. ಮೂರೂ ಕಷ್ಟದ ಜಾಗದಲ್ಲಿ, ತೋಟದ ನೆರಳು, ಮದುವೆ ಮಂಟಪ, ಗುಡಿ ಒಳಗೆ, ಅದು ಕೈ ಕೊಡಲ್ಲ. ಆದ್ರೆ ನಿಮ್ಮ ಹಾಳೇಲಿ ಗೀಟು ಬೇರೆ ಹೇಳಿದ್ರೆ, 50ಕ್ಕಿಂತ ಆಚೆ ನಿಮಗೆ ಬೇಕೇ ಆಗಿಲ್ಲ, ಗುಡಿ ಒಳಗಿಂದು ಹತ್ತೇ ಫೋಟೋ, ಹೂವು ಹುಳು ನೂರು ಅಂತ ಇದ್ರೆ, ಆಗ ಸಿಗ್ಮಾ. ನನ್ನ ಮಾತಿಗಿಂತ ಆ ಹಾಳೆ ಮಾತು ಕೇಳಿ.

ಇನ್ನು ಲೆನ್ಸ್ ಕೈಗೆ ಬಂದ ಮೇಲೆ. ಒಂದೇ ಮಾಡೆಲ್ ಆದ್ರೂ ಪೀಸಿಂದ ಪೀಸಿಗೆ ವ್ಯತ್ಯಾಸ ಇರುತ್ತೆ. ಒಳಗಿರೋ ಹತ್ತು ಹದಿನೈದು ಗಾಜಲ್ಲಿ ಒಂದು ಕೂದಲೆಳೆಯಷ್ಟು ಓರೆ ಕೂತಿದ್ರೂ ಒಂದು ಮೂಲೆ ಮಂಕಾಗುತ್ತೆ. ಇದನ್ನ ವಾಪಸ್ ಕೊಡೋ ಗಡುವು ಮುಗಿಯೋ ಒಳಗೆ ಕಂಡುಹಿಡೀಬೇಕು. ಜನ ಇದಕ್ಕೆ ಗೋಡೆ ಫೋಟೋ ತೆಗೀತಾರೆ, ನಮ್ಮ ಕಡೆಯವರು ಹಳೇಬೀಡಿಗೆ ಹೋಗಿ ಹೊಯ್ಸಳೇಶ್ವರದ ಗೋಡೆ ತೆಗೆದು, ಸರ್ ಲೆನ್ಸ್ ಮೂಲೆ ಸಾಫ್ಟ್ ಇದೆ ಅಂತ ನನಗೆ ಕಳಿಸ್ತಾರೆ. ಆ ಗೋಡೆ ಸಪಾಟಾಗಿಲ್ವಲ್ಲ! ನಕ್ಷತ್ರದ ಆಕಾರದಲ್ಲಿ ಕೋನ ಕೋನವಾಗಿ ಒಳಗೆ ಹೊರಗೆ ಹೋಗುತ್ತೆ, ಕೆಳಗಿನ ಆನೆ ಸಾಲಲ್ಲಿ ಒಂದು ಆನೆ ನಿಮ್ಮ ಹತ್ರ ಇದ್ರೆ ಮೂರನೇ ಆನೆ ಒಂದಡಿ ಹಿಂದೆ ಇರುತ್ತೆ, ಎಫ್ 2.8ರಲ್ಲಿ ಅದು ಮಂಕಾಗೋದು ಲೆನ್ಸಿನ ತಪ್ಪಲ್ಲ. ಸಪಾಟು ಗೋಡೇಲೂ ಕ್ಯಾಮೆರಾ ಒಂಚೂರು ಓರೆ ಇದ್ರೆ ಇದೇ ಮೋಸ.

ನಾನು ಮಾಡೋದು ಹಿಂಗೆ. ಮೋಡ ಇಲ್ಲದ ಬೆಳಿಗ್ಗೆ, ಬಿಸಿಲು ಏರಿ ಗಾಳಿ ನಡುಗೋಕೆ ಶುರು ಆಗೋದಕ್ಕೆ ಮುಂಚೆ, ತುಂಬಾ ದೂರದಲ್ಲಿರೋ ಒಂದು ಟವರ್ ಅಥವಾ ಒಂಟಿ ಮರ ಹುಡುಕಿ, ಒಂದು ಕಿಲೋಮೀಟರಿಗಿಂತ ದೂರ ಇದ್ರೆ ಒಳ್ಳೇದು. ಚಿಕ್ಕಮಗಳೂರು ಪೇಟೆಗೆ ಬಂದ್ರೆ ರತ್ನಗಿರಿ ಬೋರೆ ಮೇಲಿಂದ ಬೇಕಾದಷ್ಟು ಸಿಗುತ್ತೆ. ಲೆನ್ಸನ್ನ ಎಫ್ 2.8ಕ್ಕೆ ಇಟ್ಟು, ನಡುವೆ ಆ ಟವರ್ ಇಟ್ಕೊಂಡು ಫೋಕಸ್ ಮಾಡಿ, ಆಮೇಲೆ ಮ್ಯಾನುಯಲ್ ಫೋಕಸಿಗೆ ಹಾಕಿ, ಇನ್ನು ಫೋಕಸ್ ರಿಂಗ್ ಮುಟ್ಬೇಡಿ. ಈಗ ಅದೇ ಟವರ್ ಎಡ ಮೇಲಿನ ಮೂಲೆಗೆ ಬರೋ ಹಂಗೆ ಕ್ಯಾಮೆರಾ ತಿರುಗಿಸಿ ಒಂದು, ಬಲ ಮೇಲೆ ಒಂದು, ಕೆಳಗಿನ ಎರಡೂ ಮೂಲೆ. ಒಟ್ಟು ಐದು ಫೋಟೋ. ವೈಡಲ್ಲಿ ಒಂದು ಸಲ, ನಡುವೆ ಒಂದು ಸಲ, ತುದೀಲಿ ಒಂದು ಸಲ. ಕಂಪ್ಯೂಟರಲ್ಲಿ ನೂರು ಪರ್ಸೆಂಟ್ ದೊಡ್ಡದು ಮಾಡಿ ನಾಲ್ಕೂ ಮೂಲೆ ಅಕ್ಕಪಕ್ಕ ಇಟ್ಟು ನೋಡಿ. ನಾಲ್ಕೂ ಮೂಲೆ ನಡುವಿಗಿಂತ ಸ್ವಲ್ಪ ಮಂಕು ಅಂದ್ರೆ ಅದು ಸಹಜ, ಎಲ್ಲಾ ಜೂಮೂ ಹಂಗೇ. ಮೂರು ಮೂಲೆ ಚೆನ್ನಾಗಿದ್ದು ಒಂದು ಮಾತ್ರ ಬೆಣ್ಣೆ ಸವರಿದಂಗೆ ಇದ್ರೆ, ಆ ಪೀಸು ವಾಪಸ್ ಕೊಡಿ, ಸಂಕೋಚ ಬೇಡ, ನೀವು ಕೊಟ್ಟಿರೋದು ನಾಲ್ಕೂ ಮೂಲೆಗೆ ದುಡ್ಡು.

ಎಫ್ 8ರಲ್ಲಿ ಟೆಸ್ಟ್ ಮಾಡಿ ಸಮಾಧಾನ ಪಟ್ಕೋಬೇಡಿ. ಎಫ್ 8ರಲ್ಲಿ ನಿಮ್ಮ ಕಿಟ್ ಲೆನ್ಸೂ ಚೆನ್ನಾಗೇ ಕಾಣುತ್ತೆ. 2.8ಕ್ಕೆ ದುಡ್ಡು ಕೊಟ್ಟಿದೀರ, 2.8ರಲ್ಲೇ ನೋಡಿ.

ಅಂಚಲ್ಲಿ ಗೆರೆ ಬಾಗೋದು, ಮೂಲೆ ಕತ್ತಲಾಗೋದು ಇವಕ್ಕೆಲ್ಲ ತಲೆ ಕೆಡಿಸ್ಕೋಬೇಡಿ, ಕ್ಯಾಮೆರಾನೇ ಸರಿ ಮಾಡುತ್ತೆ. ಆದ್ರೆ ಎದುರು ಬೆಳಕು ನೋಡಿ. ಸೂರ್ಯನ್ನ ಫ್ರೇಮಿನ ಮೂಲೇಲಿ ಇಟ್ಟು, ಆಮೇಲೆ ಸ್ವಲ್ಪ ಹೊರಗೆ ಇಟ್ಟು ತೆಗೀರಿ, ಕಪ್ಪು ಕಪ್ಪಾಗೇ ಇದ್ಯಾ ಇಲ್ಲಾ ಹಾಲು ಬೆರೆಸಿದಂಗೆ ಆಗಿದ್ಯಾ ನೋಡಿ. ಹುಡ್, ಅಂದ್ರೆ ಲೆನ್ಸ್ ಮೂತಿಗೆ ಸಿಕ್ಕಿಸೋ ಬೆಳಕಿನ ಮರೆ, ಹಾಕೇ ಇರಿ ಯಾವಾಗ್ಲೂ. ಇನ್ನೊಂದು, ಹೊಸ ಲೆನ್ಸ್ ತಗೊಂಡ ಖುಷೀಲಿ ಮುಂದೆ ಇನ್ನೂರು ರೂಪಾಯಿ ಯುವಿ ಫಿಲ್ಟರ್ ಹಾಕಿ ಬಿಡ್ಬೇಡಿ. ನನಗೆ ಒಂದು ಮದುವೇಲಿ ಮುತ್ತೈದೆಯರ ಆರತಿ ಫೋಟೋ ಅಷ್ಟೂ ಹಾಳಾಗಿತ್ತು, ಪ್ರತಿ ದೀಪಕ್ಕೂ ಎದುರು ಮೂಲೇಲಿ ಒಂದು ಮಂಕು ಹಸಿರು ದೀಪ ತಲೆಕೆಳಗಾಗಿ ಕೂತಿತ್ತು. ಲೆನ್ಸೇ ಕೆಟ್ಟದ್ದು ಅಂತ ಅಷ್ಟು ದಿನ ಬೈಕೊಂಡಿದ್ದೆ, ಫಿಲ್ಟರ್ ಬಿಚ್ಚಿ ಅದೇ ದೀಪ ತೆಗೆದ್ರೆ ಏನೂ ಇಲ್ಲ. ಆ ಮನೆಯವರಿಗೆ ಅದೇ ಆರತಿ ಮತ್ತೆ ಮಾಡಿ ಅಂತ ಕೇಳೋಕಾಗುತ್ತಾ? ಆ ನೋವು ಇನ್ನೂ ಇದೆ. ಮಳೆ ಧೂಳಿಗೆ ಫಿಲ್ಟರ್ ಬೇಕು ಅಂದ್ರೆ ಒಳ್ಳೆ ಕೋಟಿಂಗ್ ಇರೋದು ತಗೊಳ್ಳಿ, ದೀಪ ಹಚ್ಚಿದ ತಕ್ಷಣ ಬಿಚ್ಚಿಡಿ.

ಸೆಕೆಂಡ್ ಹ್ಯಾಂಡ್ ತಗೊಳ್ಳೋ ಯೋಚನೆ ಇದ್ರೆ, ನಮ್ಮ ಮಲೆನಾಡು ಕಡೆ ಓಡಾಡಿದ ಲೆನ್ಸಲ್ಲಿ ಮೊದ್ಲು ನೋಡ್ಬೇಕಾದ್ದು ಫಂಗಸ್. ಮಳೆಗಾಲದಲ್ಲಿ ಬೆಲ್ಟು, ಪೆಟ್ಟಿಗೆ ಮೇಲೆ ಬೂಷ್ಟು ಹಿಡಿಯುತ್ತಲ್ಲ, ಅದೇ ಗಾಜಿನ ಒಳಗೂ ಹಿಡಿಯುತ್ತೆ. ಎರಡೂ ಕಡೆ ಕ್ಯಾಪ್ ತೆಗೆದು, ಹಿಂದಿಂದ ಮೊಬೈಲ್ ಟಾರ್ಚ್ ಬಿಟ್ಟು, ಮುಂದಿಂದ ಓರೆಯಾಗಿ ನೋಡಿ. ಧೂಳಿನ ಚುಕ್ಕಿ ನಾಲ್ಕೈದು ಇದ್ರೆ ಏನೂ ಆಗಲ್ಲ. ಜೇಡರ ಬಲೆ ಥರ, ಬೇರು ಹರಡಿದಂಗೆ ಎಳೆ ಎಳೆ ಕಂಡ್ರೆ ಅದನ್ನ ಎಷ್ಟು ಕಮ್ಮಿಗೆ ಕೊಟ್ರೂ ಬೇಡ. ನಾನು ಒಂದು ಸಲ ಸಂಜೆ ಹೊತ್ತು ಟ್ಯೂಬ್‌ಲೈಟ್ ಬೆಳಕಲ್ಲಿ ನೋಡಿ ಒಂದು ಲೆನ್ಸ್ ತಗೊಂಡೆ, ಮನೇಗೆ ಬಂದು ಟಾರ್ಚ್ ಹಾಕಿದ್ರೆ ಎರಡನೇ ಗಾಜಿನ ತುಂಬಾ ಬಲೆ. ಮಾರಿದೋರು ಫೋನ್ ಎತ್ತಲಿಲ್ಲ. ಅಲ್ಲಿಂದ ಮುಂದೆ ಟಾರ್ಚ್ ಇಲ್ದೆ ದುಡ್ಡು ಬಿಚ್ಚಿಲ್ಲ.

ಹೊಸದೇ ತಗೊಂಡ್ರೂ ಜೂನಿಂದ ಸೆಪ್ಟೆಂಬರ್ ತನಕ ಆಲ್ದೂರಲ್ಲಿ ಅದನ್ನ ಕ್ಯಾಮೆರಾ ಬ್ಯಾಗಲ್ಲಿ ಬಿಡ್ಬೇಡಿ, ಆ ಬ್ಯಾಗಿನ ಸ್ಪಂಜು ತೇವ ಹೀರ್ಕೊಂಡು ಕೂತಿರುತ್ತೆ, ಮೇಲೆ ಕತ್ತಲು ಬೇರೆ, ಫಂಗಸ್ಸಿಗೆ ಅದಕ್ಕಿಂತ ಒಳ್ಳೆ ಮನೆ ಇಲ್ಲ. ಡ್ರೈ ಕ್ಯಾಬಿನೆಟ್ ತಗೊಂಡ್ರೆ ಸರಿ, ಇಲ್ಲಾಂದ್ರೆ ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಅರ್ಧ ಕೆಜಿ ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮೀಟರ್. 40ರಿಂದ 50 ಪರ್ಸೆಂಟ್ ಒಳಗೆ ಇರ್ಲಿ. ಕಿತ್ತಳೆ ಬಣ್ಣದ ಜೆಲ್ ತಗೊಳ್ಳಿ, ನೀಲಿದ್ರಲ್ಲಿ ಕೋಬಾಲ್ಟ್ ಇರುತ್ತೆ, ಯಾವುದನ್ನೇ ಆಗ್ಲಿ ಅಡುಗೆ ಬಾಣಲೇಲಿ ಹಾಕಿ ಬಿಸಿ ಮಾಡ್ಬೇಡಿ, ಅದಕ್ಕೇ ಅಂತ ಒಂದು ಹಳೇ ತಟ್ಟೆ ಇಡಿ. ಮತ್ತೆ ವಾರಕ್ಕೊಂದು ಸಲ ಲೆನ್ಸ್ ಹೊರಗೆ ತೆಗೆದು ನಾಲ್ಕು ಫೋಟೋ ತೆಗೀರಿ, ಉಪಯೋಗಿಸ್ತಾ ಇರೋ ಲೆನ್ಸಿಗೆ ಫಂಗಸ್ ಬರೋದು ಕಮ್ಮಿ. ಟ್ಯಾಮ್ರಾನಿಗೆ ತೇವ ತಡೆಯೋ ಸೀಲ್ ಇದೆ, ಸಿಗ್ಮಾಗೆ ಮೌಂಟ್ ಹತ್ರ ಮಾತ್ರ ಇದೆ, ನಿಮ್ಮ ಮಳೆಗೆ ಇದೂ ಒಂದು ಲೆಕ್ಕ, ಆದ್ರೆ ಸೀಲ್ ಇದೆ ಅಂತ ಮಳೇಲಿ ನಿಲ್ಲಿಸಿ ನೆನೆಸೋ ಹಂಗಿಲ್ಲ.

ಈ ವಾರಾನೇ ಹಾಳೆ ಮೇಲೆ ಗೀಟು ಹಾಕೋ ಕೆಲಸ ಮುಗಿಸಿ, ಲೆಕ್ಕ ನನಗೂ ಕಳಿಸಿ, ನೋಡಿ ಹೇಳ್ತೀನಿ. ಲೆನ್ಸ್ ಬಂದ ಮೇಲೆ ಮೂಲೆ ಟೆಸ್ಟಿನ ಫೋಟೋ ಸೈಜ್ ಕಮ್ಮಿ ಮಾಡದೇ ಹಂಗೇ ಕಳಿಸಿ, ಚಿಕ್ಕದು ಮಾಡಿದ್ರೆ ಏನೂ ಗೊತ್ತಾಗಲ್ಲ. ಸ್ಪ್ರಿಂಕ್ಲರ್ ಶುರು ಮಾಡೋ ದಿನ ಗೊತ್ತಿದ್ರೆ ಅದಕ್ಕೆ ಮುಂಚೆನೇ ತರಿಸ್ಕೊಳ್ಳಿ. ನೀರು ಕೊಟ್ಟು ಎಂಟು ಒಂಬತ್ತು ದಿನಕ್ಕೆ ರೊಬಸ್ಟಾ ಹೂವು ಅರಳುತ್ತೆ, ಮೂರು ದಿನಕ್ಕೆ ಕಂದು ತಿರುಗೋಕೆ ಶುರು, ಆ ಮೂರು ಬೆಳಿಗ್ಗೇಲಿ ಹೊಸ ಲೆನ್ಸಿನ ರಿಂಗ್ ಯಾವ ಕಡೆ ತಿರುಗುತ್ತೆ ಅಂತ ಹುಡುಕ್ತಾ ಇರ್ಬಾರ್ದು.